ಬಾವುಟಗುಡ್ಡೆಯ ಶಾಲೆ: ಸಂತ ಅಲೋಶಿಯಸ್ ಹೈಸ್ಕೂಲಿನ ಪದ್ಧತಿಗಳು ಎಲ್ಲಿಂದ ಬಂದವು, ಏಕೆ ಉಳಿದವು

1878ರ ಡಿಸೆಂಬರ್ 31ರಂದು ಯೇಸುಸಭೆಯ, ಅಂದರೆ ಜೆಸುವಿಟರು ಎಂಬ ಕೆಥೊಲಿಕ್ ಸಂನ್ಯಾಸಿಗಳ ಸಂಘದ, ಸಣ್ಣದೊಂದು ತಂಡ ಮಂಗಳೂರಿಗೆ ಬಂದಿಳಿಯಿತು. ವರ್ಷ ಕಳೆದು ಹನ್ನೆರಡನೇ ದಿನಕ್ಕೆ, 1880ರ ಜನವರಿ 12ರಂದು, ಅವರ ಸಂತ ಅಲೋಶಿಯಸ್ ಶಾಲೆ ತೆರೆಯಿತು. ಮೊದಲ ವರ್ಷದ ಮಕ್ಕಳು ಸುಮಾರು 150. ಸ್ವಂತ ಕಟ್ಟಡ ಇರಲಿಲ್ಲ, ಭಾಷೆ ಬರುತ್ತಿರಲಿಲ್ಲ, ಹವೆ ಒಗ್ಗಿರಲಿಲ್ಲ. ಆದರೂ ಅಷ್ಟು ಬೇಗ ಶಾಲೆ ನಡೆಸಲು ಅವರಿಗೆ ಸಾಧ್ಯವಾಯಿತು. ಶಾಲೆ ಹೇಗೆ ನಡೆಯಬೇಕೆಂಬ ನಕ್ಷೆ ಅವರ ಕೈಯಲ್ಲಿ ಸಿದ್ಧವಾಗಿಯೇ ಇತ್ತು, ಅದಕ್ಕೆ ಆಗಲೇ 280 ವರ್ಷ ತುಂಬಿತ್ತು. ಇವತ್ತು ಕೆಥೊಲಿಕ್ ಹೈಸ್ಕೂಲುಗಳಲ್ಲಿ ನಾವು ‘ಸಂಪ್ರದಾಯ’ ಎಂದು ಕರೆಯುವ ಹೆಚ್ಚಿನವು, ಅಂದರೆ ಹೌಸ್‌ಗಳು, ಲೀಡರುಗಳು, ಸಂತರ ಹಬ್ಬ, ಧ್ಯಾನಕೂಟ, ಲ್ಯಾಟಿನ್ ಧ್ಯೇಯವಾಕ್ಯ ಮೊದಲಾದವು, ಅಲಂಕಾರಕ್ಕೆ ಸೇರಿಸಿದವಲ್ಲ. ಒಂದೊಂದಕ್ಕೂ ಮಾಡಬೇಕಾದ ಒಂದು ಕೆಲಸವಿತ್ತು. ಆ ಕೆಲಸ ಯಾವುದೆಂದು ತಿಳಿದರೆ ಶಾಲೆ ಅರ್ಥವಾಗುತ್ತದೆ.

ಅವರು ಮಂಗಳೂರಿಗೇ ಏಕೆ ಬಂದರು? ಇಲ್ಲಿ ಎರಡು ಬೇರೆ ಬೇರೆ ಕಥೆಗಳು ಸೇರುತ್ತವೆ. ಒಂದು ಇಟಲಿಯದು. 1859ರಿಂದ 1870ರವರೆಗೆ ಇಟಲಿಯ ಸಣ್ಣ ರಾಜ್ಯಗಳೆಲ್ಲ ಒಂದಾಗುತ್ತಿದ್ದಾಗ ಹೊಸ ಸರಕಾರಗಳು ಜೆಸುವಿಟರ ಶಾಲೆ, ಮನೆಗಳನ್ನು ಮುಚ್ಚಿಸಿದವು. ನುರಿತ ಮೇಷ್ಟರುಗಳು ಶಾಲೆ ಕಳೆದುಕೊಂಡು ಕುಳಿತಿದ್ದರು. ಇನ್ನೊಂದು ಮಂಗಳೂರಿನದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಸರಕಾರಿ ನೌಕರಿಗೂ ವಕೀಲಿಗೂ ಅದರ ಪರೀಕ್ಷೆಯೇ ಹೆಬ್ಬಾಗಿಲಾಯಿತು. ಊರಿನಲ್ಲಿ 1834ರಿಂದಲೂ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಇತ್ತು, ಸರಕಾರಿ ಕಾಲೇಜೂ ಬಂದಿತ್ತು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ 1799ರ ನಂತರ ಮರಳಿ ಬಂದು ಬದುಕು ಕಟ್ಟಿಕೊಂಡಿದ್ದ ಕೊಂಕಣಿ ಕೆಥೊಲಿಕರಿಗೆ ಮಾತ್ರ ತಮ್ಮದೇ ಆದ ಉನ್ನತ ಶಾಲೆ ಇರಲಿಲ್ಲ. ಅವರು ರೋಮಿಗೆ ಬೇಡಿಕೆ ಕಳಿಸಿದರು. ಹದಿಮೂರನೇ ಲಿಯೊ ಪೋಪ್ 1878ರಲ್ಲಿ ಮಂಗಳೂರು ಮಿಷನ್ನನ್ನು ಜೆಸುವಿಟರಿಗೆ ವಹಿಸಿದರು. ಮಕ್ಕಳಿಲ್ಲದ ಮೇಷ್ಟರುಗಳೂ ಮೇಷ್ಟರುಗಳಿಲ್ಲದ ಮಕ್ಕಳೂ ಹೀಗೆ ಒಂದೆಡೆ ಸೇರಿದರು.

ಆ ತಂಡದಲ್ಲಿದ್ದ ಜರ್ಮನಿಯ ಅಗಸ್ಟಸ್ ಮುಲ್ಲರ್ 1880ರಲ್ಲೇ ಹೋಮಿಯೋಪಥಿ ಔಷಧಿ ಕೊಡತೊಡಗಿದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದೇ. ಮತ್ತೊಬ್ಬ ಜೆಸುವಿಟ್, ಆಂಜೆಲೊ ಮಾಫೆಯಿ, 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟನ್ನೂ ತಂದರು. ಅವು ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಪೈಪೋಟಿಯ ನಡುವೆಯೂ ಅಚ್ಚುಮೊಳೆಗಳನ್ನು ಹಂಚಿಕೊಂಡ ಊರು ಮಂಗಳೂರು.

ಶಾಲೆಯೋ, ಕಾಲೇಜೋ

ಹಳೆಯ ಕಾಗದಗಳಲ್ಲಿ ‘ಸಂತ ಅಲೋಶಿಯಸ್ ಕಾಲೇಜು’ ಎಂದಿದ್ದರೂ ಒಳಗೆ ಓದುತ್ತಿದ್ದವರು ಹತ್ತು ಹನ್ನೆರಡರ ಹುಡುಗರು. ಇದರಿಂದ ಗೊಂದಲ ಆಗುವುದುಂಟು. ಜೆಸುವಿಟರ ಮಾತಿನಲ್ಲಿ ‘ಕಾಲೇಜು’ ಎಂದರೆ ಹತ್ತರಿಂದ ಹದಿನೆಂಟರವರೆಗಿನ ಇಡೀ ಶಾಲೆ. ಮದ್ರಾಸ್ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಮೆಟ್ರಿಕ್ಯುಲೇಷನ್ ದಾಟಿದ ತರಗತಿ ಮಾತ್ರ ಕಾಲೇಜು. 1882ರಲ್ಲಿ ಮದ್ರಾಸಿನ ಸಂಯೋಜನೆ ಸಿಕ್ಕಿದಾಗ ಒಂದೇ ಸೂರಿನಡಿ ಎರಡೂ ಅರ್ಥದ ಕಾಲೇಜು ನಡೆಯತೊಡಗಿತು, ಕೆಳಗಿನ ತರಗತಿಗಳು ಹೈಸ್ಕೂಲು, ಮೇಲಿನವು ಕಾಲೇಜು. ಮುಂದೆ ಇವು ಬೇರೆಯಾಗಿ ಪ್ರತ್ಯೇಕ ಸಂಸ್ಥೆಗಳಾದವು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು ಕಾಲೇಜಿಗೆ, ಹೈಸ್ಕೂಲಿಗಲ್ಲ. ಹೈಸ್ಕೂಲು ಇಂದಿಗೂ ರಾಜ್ಯದ ಶಿಕ್ಷಣ ಇಲಾಖೆಯ ಚೌಕಟ್ಟಿನಲ್ಲಿದೆ, ಅದರ ಕೊನೆಯ ಮೆಟ್ಟಿಲು ಎಸ್ಸೆಸ್ಸೆಲ್ಸಿ. ಹಳೆಯ ದಾಖಲೆ ಹುಡುಕುವವರು ತಾವು ಓದಿದ್ದು ಯಾವ ವಿಭಾಗದಲ್ಲಿ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಾಟವೇ ಆಗುತ್ತದೆ.

ತರಗತಿಯೊಳಗಿನ ನಕ್ಷೆ

ಆ 280 ವರ್ಷದ ನಕ್ಷೆಯ ಹೆಸರು ‘ರಾಷಿಯೊ ಸ್ಟುಡಿಯೋರಮ್’. ಜೆಸುವಿಟರು ಹೊರಗಿನ ಹುಡುಗರಿಗೆಂದು ಮೊದಲ ಶಾಲೆ ತೆರೆದದ್ದು 1548ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ. ಐವತ್ತು ವರ್ಷ ನಡೆಸಿ, ತಪ್ಪಿ, ತಿದ್ದಿ, 1599ರಲ್ಲಿ ಸಭೆಯ ಮುಖ್ಯಸ್ಥ, ಮಹಾಧಿಪತಿ ಕ್ಲಾಡಿಯೊ ಅಕ್ವಾವೀವಾ ಅವರ ಕಾಲದಲ್ಲಿ ಅಂತಿಮ ನಿಯಮಾವಳಿ ಹೊರಟಿತು. ಅದರಲ್ಲಿ ತತ್ವೋಪದೇಶ ಕಡಿಮೆ. ಯಾರು, ಯಾವಾಗ, ಏನು ಮಾಡಬೇಕು ಎಂಬುದೇ ಹೆಚ್ಚು. ಹಾಗಾಗಿಯೇ ಅದು ಗೋವಾದಲ್ಲೂ ನಡೆಯಿತು, ಮಂಗಳೂರಿನಲ್ಲೂ ನಡೆಯಿತು.

ಅದರ ಮೂಲ ಹೆಜ್ಜೆ ‘ಪ್ರೆಲೆಕ್ಷನ್’, ಕನ್ನಡದಲ್ಲಿ ಮುಂಗಾಣಿಕೆ ಎನ್ನಬಹುದು. ಪಾಠವನ್ನು ಹುಡುಗರು ತಾವಾಗಿ ಓದುವ ಮೊದಲು ಮೇಷ್ಟರು ಒಂದು ಸಣ್ಣ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅದನ್ನು ಗಟ್ಟಿಯಾಗಿ ಓದುತ್ತಾರೆ, ಸಾರವನ್ನು ಎರಡು ಮಾತಿನಲ್ಲಿ ಹೇಳುತ್ತಾರೆ, ಎಡವುವ ಜಾಗ ಎಲ್ಲೆಂದು ತೋರಿಸುತ್ತಾರೆ, ಏನನ್ನು ಹುಡುಕುತ್ತ ಓದಬೇಕೆಂದು ಹೇಳಿ ನಿಲ್ಲಿಸುತ್ತಾರೆ. ಉಳಿದದ್ದು ಹುಡುಗನ ಕೆಲಸ. ಎರಡನೇ ಹೆಜ್ಜೆ ಪುನರಾವರ್ತನೆ. ನಿನ್ನೆಯದು ಇಂದು ಬೆಳಿಗ್ಗೆ, ವಾರದ್ದು ಶನಿವಾರ. ಇದು ಉರು ಹೊಡೆಯುವುದಲ್ಲ. ಕಲಿತದ್ದರಲ್ಲಿ ಮುಖ್ಯವಾದದ್ದು, ಮನಸ್ಸಿಗೆ ತಾಗಿದ್ದು ಯಾವುದೋ ಅಲ್ಲಿಗೆ ಮತ್ತೆ ಹೋಗುವುದು. ಮೂರನೆಯದು ಬರವಣಿಗೆ, ಓದಿದ ಮಾದರಿಯನ್ನು ಅನುಸರಿಸಿ ಸ್ವಂತ ವಿಷಯದ ಮೇಲೆ.

ನಾಲ್ಕನೆಯದು ಸ್ಪರ್ಧೆ. ಇವತ್ತಿನ ಹೌಸ್ ಪದ್ಧತಿ ಇಂಗ್ಲೆಂಡಿನ ವಸತಿಶಾಲೆಗಳಿಂದ ಬಂದ ಹೆಸರು. ಆದರೆ ಜೆಸುವಿಟ್ ಶಾಲೆಗಳಲ್ಲಿ ಅದು ಬೇಗ ಬೇರೂರಲು ಕಾರಣ ಅದಕ್ಕೂ ಮೊದಲೇ ಅಲ್ಲಿದ್ದ ಒಂದು ಪದ್ಧತಿ. ತರಗತಿಯನ್ನು ರೋಮನರು, ಅವರ ಹಳೆಯ ವೈರಿಗಳಾದ ಕಾರ್ಥೇಜಿನವರು ಎಂದು ಎರಡು ಪಾಳೆಯ ಮಾಡಿ, ಒಬ್ಬನ ಉತ್ತರದ ತಪ್ಪನ್ನು ಎದುರು ಪಾಳೆಯದ ಜೊತೆಗಾರ ಹಿಡಿಯುವಂತೆ ಮಾಡುತ್ತಿದ್ದರು. ಹತ್ತು ಹುಡುಗರಿಗೊಬ್ಬ ‘ಡೆಕ್ಯೂರಿಯನ್’, ಅವರ ಕಂಠಪಾಠ ಕೇಳುವುದು, ಬರೆದದ್ದನ್ನು ಒಟ್ಟುಮಾಡುವುದು ಅವನ ಹೊಣೆ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಮೇಷ್ಟರಿಗೆ ಎಲ್ಲರ ಬಾಯಿಂದ ಪ್ರತಿದಿನ ಪಾಠ ಕೇಳಲು ಆಗದು ಎಂಬ ಸರಳ ಲೆಕ್ಕ ಇದರ ಹಿಂದಿದೆ. ಇಂದಿನ ಕ್ಲಾಸ್ ಲೀಡರ್ ಈ ಡೆಕ್ಯೂರಿಯನ್‌ನ ಮೊಮ್ಮಗನೆಂದೇ ಹೇಳಬಹುದು. ಆದರೆ ಗಲಾಟೆ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವಷ್ಟಕ್ಕೆ ಆತನ ಕೆಲಸ ಇಳಿದಿದ್ದರೆ ಆ ಹುದ್ದೆಯ ಅರ್ಥ ಹೋಯಿತು. ಹೌಸ್‌ಗಳ ವಿಷಯವೂ ಹಾಗೆಯೇ. ಅಂಕಗಳು ಓಟ, ಕಬಡ್ಡಿ, ಸಮೂಹನೃತ್ಯಕ್ಕೆ ಮಾತ್ರ ಸಿಗುವಂತಾದರೆ ಕಲಿಕೆಯ ಸಾಧನ ಕ್ರೀಡಾಕೂಟದ ಬಣ್ಣವಾಗಿ ಉಳಿಯುತ್ತದೆ. ಕೈಬರಹ, ಓದು, ಹಿಂದುಳಿದ ಸಹಪಾಠಿಗೆ ಕಲಿಸಿದ್ದು, ಇವಕ್ಕೂ ಅಂಕ ಇಟ್ಟಲ್ಲಿ ಪದ್ಧತಿ ಜೀವ ಹಿಡಿಯುತ್ತದೆ.

ಶಿಕ್ಷೆಯ ಬಗ್ಗೆ ಒಂದು ಮಾತು. ಮೇಷ್ಟರು ತಾನೇ ಹುಡುಗನಿಗೆ ಹೊಡೆಯಬಾರದು ಎಂಬ ನಿಯಮ 1599ರಲ್ಲೇ ಇದೆ. ಹೊಡೆಯಲೇಬೇಕೆಂದಿದ್ದರೆ ಯೇಸುಸಭೆಗೆ ಸೇರದ ಹೊರಗಿನವನೊಬ್ಬ ಅದನ್ನು ಮಾಡಬೇಕಿತ್ತು. ಆ ಕಾಲದ ಮಿತಿಯೊಳಗೇ ಆದರೂ, ಕಲಿಸುವ ಕೈ ಮತ್ತು ಹೊಡೆಯುವ ಕೈ ಒಂದೇ ಆಗಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಇಂದು ಕಾಯ್ದೆಯೇ ಪೆಟ್ಟನ್ನು ನಿಷೇಧಿಸಿದೆ.

ಲ್ಯಾಟಿನ್‌ಗೆ ಮೀಸಲಾಗಿದ್ದ ಈ ಕ್ರಮ ಇಲ್ಲಿ ಕನ್ನಡಕ್ಕೂ ಜಾಗ ಕೊಟ್ಟಿತು. ಪಂಪನ ಅಧ್ಯಯನಕ್ಕೆ ಹೆಸರಾದ ಮುಳಿಯ ತಿಮ್ಮಪ್ಪಯ್ಯ, ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟ ಇಬ್ಬರೂ ಅಲೋಶಿಯಸ್ ಸಂಸ್ಥೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ಪಾದ್ರಿಗಳ ಶಾಲೆಯಲ್ಲಿ ಹಳಗನ್ನಡದ ಇಂಥ ದೊಡ್ಡವರು ಪಾಠ ಹೇಳಿದ್ದು ಕನ್ನಡದ ಭಾಗ್ಯವೇ ಸರಿ.

ದಿನದ ಮಧ್ಯೆ ಒಂದು ಮೌನ

ಜೆಸುವಿಟ್ ಶಾಲೆಯನ್ನು ಬೇರೆ ಕೆಥೊಲಿಕ್ ಶಾಲೆಗಳಿಂದ ಬೇರ್ಪಡಿಸುವ ಒಂದೇ ಒಂದು ಆಚರಣೆಯನ್ನು ಹೇಳಬೇಕಾದರೆ ಅದು ‘ಎಕ್ಸಾಮೆನ್’, ಆತ್ಮಾವಲೋಕನ. ಯೇಸುಸಭೆಯ ಸ್ಥಾಪಕ ಲೊಯೊಲದ ಇಗ್ನೇಷಿಯಸ್ ತಮ್ಮವರಿಗೆ ಹೇಳಿಕೊಟ್ಟದ್ದು. ಹೈಸ್ಕೂಲ್ ಮಕ್ಕಳಿಗೆ ಐದು ನಿಮಿಷ ಸಾಕು. ಮೊದಲು ಬೆಳಗಿನಿಂದ ಸಿಕ್ಕಿದ ಒಳ್ಳೆಯದನ್ನು ನೆನೆಯುವುದು, ಬಳಿಕ ಸರಿಯಾಗಿ ಕಾಣುವ ಬೆಳಕು ಬೇಡುವುದು, ದಿನವನ್ನು ಗಂಟೆ ಗಂಟೆಯಾಗಿ ತಿರುಗಿ ನೋಡುವುದು, ಎಡವಿದ್ದಕ್ಕೆ ಕ್ಷಮೆ ಕೇಳುವುದು, ಕೊನೆಗೆ ನಾಳೆಗೆ ಒಂದೇ ಒಂದು ನಿರ್ಧಾರ. ಈ ಕ್ರಮ ಮುಖ್ಯ. ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪಿಗೆ ಹೋದರೆ ಹದಿಮೂರು ವರ್ಷದ ಮಗು ತನ್ನನ್ನೇ ಹಳಿದುಕೊಳ್ಳುವುದನ್ನು ಕಲಿಯುತ್ತದೆ. ನಿರ್ಧಾರ ಒಂದರ ಬದಲು ಐದಾದರೆ ಮರುದಿನ ಒಂದೂ ನಿಲ್ಲುವುದಿಲ್ಲ. ದೇವರ ಹೆಸರಿಲ್ಲದೆಯೂ ಇದನ್ನು ಮಾಡಬಹುದು, ಆದ್ದರಿಂದ ಹಿಂದೂ, ಮುಸ್ಲಿಂ, ಜೈನ ಮಕ್ಕಳೂ ಕೂರುವ ತರಗತಿಯಲ್ಲಿ ಇದು ಹೊಂದುತ್ತದೆ. ಇದಕ್ಕೆ ಬರುವ ಅಪಾಯ ವೇಳಾಪಟ್ಟಿಯಿಂದ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಮೊದಲು ಕತ್ತರಿಸುವ ಐದು ನಿಮಿಷ ಇದೇ. ಮಕ್ಕಳಿಗೆ ಅದು ಹೆಚ್ಚು ಬೇಕಾದ ಹೊತ್ತೂ ಅದೇ.

ವರ್ಷಕ್ಕೊಮ್ಮೆ ನಡೆಯುವ ಧ್ಯಾನಕೂಟ ಇದರದೇ ದೊಡ್ಡ ರೂಪ. ಇಗ್ನೇಷಿಯಸರ ಪೂರ್ಣ ಧ್ಯಾನಾಭ್ಯಾಸ ಸುಮಾರು ಮೂವತ್ತು ದಿನಗಳದ್ದು. ಶಾಲೆಗಳು ಅದನ್ನು ಅರ್ಧ ದಿನದಿಂದ ಮೂರು ದಿನಕ್ಕೆ ಇಳಿಸಿಕೊಳ್ಳುತ್ತವೆ. ಕೆಡುವುದು ಎಲ್ಲೆಂದರೆ, ಹೊರಗಿನ ಭಾಷಣಕಾರರನ್ನು ಕರೆಸಿ ಬೆಳಿಗ್ಗೆಯಿಂದ ಸಂಜೆವರೆಗೆ ಉಪನ್ಯಾಸ ಮಾಡಿಸಿದಾಗ. ಇಪ್ಪತ್ತು ನಿಮಿಷದ ಮಾತಿಗೆ ಅಷ್ಟೇ ಹೊತ್ತಿನ ಮೌನ, ಬಳಿಕ ಎಂಟು ಹತ್ತು ಮಕ್ಕಳ ಗುಂಪಿನಲ್ಲಿ ಮಾತು, ಈ ಅಳತೆ ತಪ್ಪಿದರೆ ಅದು ಇನ್ನೊಂದು ಪೀರಿಯಡ್ ಅಷ್ಟೆ.

ಹೆಸರು, ಹಬ್ಬ, ಬೆಂಕಿ

ಶಾಲೆಗೆ ಹೆಸರಿಟ್ಟದ್ದು ಅಲೋಶಿಯಸ್ ಗೊಂಜಾಗಾ ಎಂಬ ಯುವಕನದು. 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲಿಯೋನೆಯಲ್ಲಿ ಸಂಸ್ಥಾನದ ಹಿರಿಯ ಮಗನಾಗಿ ಹುಟ್ಟಿದ. 1585ರಲ್ಲಿ ಆ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳನ್ನು ಹೊತ್ತು ಆರೈಕೆ ಮಾಡಿ, ತಾನೂ ಕಾಯಿಲೆ ಬಿದ್ದು, ಜೂನ್ 21ರಂದು ತೀರಿಕೊಂಡ. ವಯಸ್ಸು 23. ಹುಡುಗರ ಶಾಲೆಗೆ ಮುದುಕ ಸಂತನ ಹೆಸರಿಗಿಂತ ಇದು ಹೊಂದುತ್ತದೆಂದು ಜಗತ್ತಿನಾದ್ಯಂತ ಜೆಸುವಿಟರು ನಂಬಿದರು. ಕರ್ನಾಟಕದಲ್ಲಿ ಜೂನ್ 21ಕ್ಕೆ ಇನ್ನೊಂದು ಅನುಕೂಲವಿದೆ. ಶಾಲೆ ತೆರೆದು ಮೂರು ವಾರ, ಮಳೆ ಹಿಡಿದ ಹೊತ್ತು, ಎಂಟನೇ ತರಗತಿಗೆ ಹೊಸಬರು ಇನ್ನೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ಹೈಸ್ಕೂಲ್ ಇರುವುದೇ ಮೂರು ವರ್ಷ. ಆರಂಭದಲ್ಲೇ ಒಂದು ಹಬ್ಬ ಬಿದ್ದರೆ ಶಾಲೆಯ ನಡೆನುಡಿ ಹಿರಿಯರಿಂದ ಕಿರಿಯರಿಗೆ ದಾಟಲು ಸಮಯ ಸಿಗುತ್ತದೆ. ಹಬ್ಬದ ಬೆನ್ನೆಲುಬು ಕೆಥೊಲಿಕ್ ಮಕ್ಕಳಿಗೆ ಬಲಿಪೂಜೆ (ಮಾಸ್), ಎಲ್ಲರಿಗೂ ಸಭೆ. ಆದರೆ ಸಂತನ ಬದುಕಿಗೆ ನಿಜಕ್ಕೂ ಹತ್ತಿರ ಬರುವುದು ಆ ವಾರ ಮಕ್ಕಳು ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಹೋದಾಗ.

ಧ್ಯೇಯವಾಕ್ಯ ‘ಲೂಸೆತ್ ಎತ್ ಆರ್ದೆತ್’, ಅಂದರೆ ಹೊಳೆಯುತ್ತದೆ ಮತ್ತು ಉರಿಯುತ್ತದೆ. ಸ್ನಾನಿಕ ಯೋಹಾನನ ಬಗ್ಗೆ ಯೇಸು ಹೇಳಿದ ‘ಉರಿದು ಪ್ರಕಾಶಿಸುವ ದೀಪ’ ಎಂಬ ಮಾತಿನ ನೆರಳು ಅದರ ಮೇಲಿದೆ. ಯೋಹಾನನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಉರಿ ಮೊದಲು, ಹೊಳಪು ಆಮೇಲೆ. ಧ್ಯೇಯವಾಕ್ಯದಲ್ಲಿ ಕ್ರಮ ತಿರುಗಿದೆ. ಹನ್ನೆರಡನೇ ಶತಮಾನದ ಸಂತ ಬರ್ನಾರ್ಡ್ ಇದೇ ದೀಪದ ಕುರಿತು, ಬರೇ ಹೊಳೆಯುವುದು ವ್ಯರ್ಥ, ಬರೇ ಉರಿಯುವುದು ಸಾಲದು, ಎರಡೂ ಸೇರಿದರೆ ಪೂರ್ಣ ಎಂದಿದ್ದರು. ಮಕ್ಕಳು ಇದನ್ನು ಬ್ಯಾಡ್ಜಿನ ಮೇಲೆ ಮೂರು ವರ್ಷ ಧರಿಸಿ ಅರ್ಥ ಕೇಳದೆ ಹೋಗಬಾರದು. ಎಂಟನೇ ತರಗತಿಯ ಮೊದಲ ವಾರದಲ್ಲಿ ಹತ್ತು ನಿಮಿಷ ಕೊಟ್ಟರೆ ಸಾಕು. ಮತ್ತೊಂದು ನಾಲ್ಕಕ್ಷರ, ಎ.ಎಂ.ಡಿ.ಜಿ., ‘ದೇವರ ಹೆಚ್ಚಿನ ಮಹಿಮೆಗಾಗಿ’ ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪ. ಹಿಂದೆ ಜೆಸುವಿಟ್ ಶಾಲೆಗಳ ಮಕ್ಕಳು ಉತ್ತರಪತ್ರಿಕೆಯ ತಲೆಯಲ್ಲಿ ಬರೆಯುತ್ತಿದ್ದದ್ದು.

‘ಪರರಿಗಾಗಿ ಬದುಕುವವರು’ ಎಂದು ಈ ಶಾಲೆಗಳು ತಮ್ಮ ಹಳೆವಿದ್ಯಾರ್ಥಿಗಳನ್ನು ಕರೆಯುವುದು ಹೊಸ ರೂಢಿ. ಸಭೆಯ ಮಹಾಧಿಪತಿ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಹಳೆವಿದ್ಯಾರ್ಥಿಗಳ ಮುಂದೆ ಆಡಿದ ಭಾಷಣದಿಂದ ಅದು ಬಂತು. ನಮ್ಮ ಶಾಲೆಗಳು ನಿಮಗೆ ನ್ಯಾಯದ ಪಾಠ ಕಲಿಸಿವೆಯೇ ಎಂದು ಕೇಳಿ, ಇಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು.

ಹಣ, ಹೊಣೆ, ಕಾನೂನು

ಹೊರಗಿನವರಿಗೆ ‘ಕಾನ್ವೆಂಟ್ ಶಾಲೆ’ ಎಲ್ಲ ಒಂದೇ. ಒಳಗೆ ಹಾಗಲ್ಲ. ಊರಿನ ಇಗರ್ಜಿಗೆ (ಚರ್ಚಿಗೆ) ಸೇರಿದ ಶಾಲೆಗಳು ಬಿಷಪರ ಧರ್ಮಪ್ರಾಂತ್ಯದವು. ಮಂಗಳೂರಿನಲ್ಲಿ ಅವನ್ನು ಕೆಥೊಲಿಕ್ ಶಿಕ್ಷಣ ಮಂಡಳಿ ನಡೆಸುತ್ತದೆ, ಶಿಕ್ಷಕರಿಗೆ ಒಂದು ಶಾಲೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ, ಊರಿನ ಧರ್ಮಗುರುಗಳೇ ಸಾಮಾನ್ಯವಾಗಿ ಸಂಚಾಲಕರು. ಅಪೊಸ್ತಲಿಕ್ ಕಾರ್ಮೆಲ್, ಬೆಥನಿ ಮೊದಲಾದ ಭಗಿನಿಯರ ಸಂಸ್ಥೆಗಳ ಶಾಲೆಗಳು ಆಯಾ ಸಂಸ್ಥೆಯವು. ಅಲೋಶಿಯಸ್ ಜೆಸುವಿಟರ ಕರ್ನಾಟಕ ಪ್ರಾಂತ್ಯದ್ದು. ಅದರ ಮೇಲಧಿಕಾರಿ ಪ್ರೊವಿನ್ಶಿಯಲ್, ಅಲ್ಲಿನ ಪಾದ್ರಿಗಳ ಮನೆಗೆ ರೆಕ್ಟರ್, ದಿನದ ಆಡಳಿತಕ್ಕೆ ಮುಖ್ಯೋಪಾಧ್ಯಾಯರು. ಅಂಕ, ಹಾಜರಿ, ಟಿಸಿಗೆ ಸಂಬಂಧಿಸಿದ ದೂರು ಮುಖ್ಯೋಪಾಧ್ಯಾಯರಲ್ಲಿಯೇ ಮುಗಿಯಬೇಕು. ನೇಮಕಾತಿ, ಆಸ್ತಿ, ಹೊಸ ವಿಭಾಗದಂಥ ವಿಷಯ ಆಡಳಿತ ಮಂಡಳಿಯದು. ಇದು ಗೊತ್ತಿಲ್ಲದೆ ಬಿಷಪರಿಗೆ ಅರ್ಜಿ ಬರೆಯುವವರಿದ್ದಾರೆ.

ಫೀಸಿನ ಪ್ರಶ್ನೆಗೂ ಇತಿಹಾಸವಿದೆ. ಇಗ್ನೇಷಿಯಸರ ನಿಯಮದಂತೆ ಜೆಸುವಿಟ್ ಶಾಲೆ ಉಚಿತ, ದಾನಿಗಳು ಕೊಟ್ಟ ಜಮೀನಿನ ಉತ್ಪತ್ತಿಯಿಂದ ನಡೆಯಬೇಕು. 1773ರಲ್ಲಿ ಪೋಪರೇ ಸಭೆಯನ್ನು ವಿಸರ್ಜಿಸಿದಾಗ ಆ ಆಸ್ತಿಯೆಲ್ಲ ಹೋಯಿತು. 1814ರಲ್ಲಿ ಸಭೆ ಮರುಹುಟ್ಟು ಪಡೆಯಿತಾದರೂ ಜಮೀನು ಮರಳಲಿಲ್ಲ. 1833ರಲ್ಲಿ ಫೀಸು ಪಡೆಯಲು ವಿಶೇಷ ಅನುಮತಿ ಸಿಕ್ಕಿತು. ಮಂಗಳೂರಿನ ಶಾಲೆ ಹುಟ್ಟಿದ್ದು ಆ ಅನುಮತಿಯ ನಂತರದ ಕಾಲದಲ್ಲಿ. ಇಂದು ಕರಾವಳಿಯ ಹಳೆಯ ಕೆಥೊಲಿಕ್ ಹೈಸ್ಕೂಲುಗಳಲ್ಲಿ ಒಂದೇ ಸೂರಿನಡಿ ಅನುದಾನಿತ ವಿಭಾಗವೂ ಅನುದಾನರಹಿತ ವಿಭಾಗವೂ ಇರುವುದುಂಟು. ಮೊದಲನೆಯದರಲ್ಲಿ ಮಂಜೂರಾದ ಶಿಕ್ಷಕರ ಸಂಬಳ ಸರಕಾರದ್ದು, ಫೀಸು ಕಡಿಮೆ. ಎರಡನೆಯದರಲ್ಲಿ ಎಲ್ಲವೂ ಮಕ್ಕಳ ಫೀಸಿನಿಂದ. ತೊಡಕು ಬರುವುದು ಅನುದಾನಿತ ಶಿಕ್ಷಕರು ನಿವೃತ್ತರಾಗಿ ಆ ಹುದ್ದೆ ವರ್ಷಗಟ್ಟಲೆ ಖಾಲಿ ಉಳಿದಾಗ. ಆಡಳಿತ ಮಂಡಳಿ ಕಡಿಮೆ ಸಂಬಳಕ್ಕೆ ಗೌರವ ಶಿಕ್ಷಕರನ್ನು ಇಡುತ್ತದೆ, ಅವರು ಒಳ್ಳೆಯ ಕೆಲಸ ಸಿಕ್ಕಿದೊಡನೆ ಹೋಗುತ್ತಾರೆ, ಶಾಲೆಯ ಪದ್ಧತಿ ಬಲ್ಲ ಹಿರಿಯರು ಯಾರೂ ಉಳಿಯುವುದಿಲ್ಲ. ಸಂಪ್ರದಾಯ ಸಾಯುವುದು ಬಹುಪಾಲು ಹೀಗೆ, ಸ್ಟಾಫ್‌ರೂಮಿನಲ್ಲಿ.

ಪೋಷಕರಿಗೆ ತಿಳಿದಿರಬೇಕಾದ ಕಾನೂನು ಹೆಚ್ಚೇನಿಲ್ಲ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28(3)ನೇ ವಿಧಿಯಂತೆ ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಕೆಥೊಲಿಕ್ ಮಕ್ಕಳು ಕ್ರೈಸ್ತ ಶಿಕ್ಷಣಕ್ಕೆ, ಉಳಿದವರು ನೀತಿಪಾಠಕ್ಕೆ ಎಂದು ಒಂದೇ ಪೀರಿಯಡ್ ಎರಡಾಗಿ ಒಡೆಯುವ ರೂಢಿ ಇದಕ್ಕೆ ಹೊಂದಿಕೊಂಡಿದೆ. ನೀತಿಪಾಠವನ್ನು ಗಂಭೀರವಾಗಿ ತೆಗೆದುಕೊಳ್ಳದ ಶಾಲೆಯಲ್ಲಿ ಆ ಹೊತ್ತು ನೋಟ್ಸ್ ನಕಲಿಗೆ ಹೋಗುತ್ತದೆ, ಅದು ದೊಡ್ಡ ನಷ್ಟ. 2014ರ ಮೇ 6ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ (ಆರ್‌ಟಿಇ) ಹೊರಗಿಟ್ಟಿತು. ಹಾಗಾಗಿ ಆರ್‌ಟಿಇಯ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟುಗಳಿಗೆ ಈ ಶಾಲೆಗಳನ್ನು ಒತ್ತಾಯಿಸುವಂತಿಲ್ಲ.

ಗೋಡೆಯ ಮೇಲಿನ ಪಾಠ

ಬಾವುಟಗುಡ್ಡೆಯ ಮೇಲಿನ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡಲು ಬರುವವರಲ್ಲಿ ಹಲವರು ಚಿತ್ರ ನೋಡಿ ಹೊರಡುತ್ತಾರೆ. ಅದು ಮೂಲತಃ ಮಕ್ಕಳ ಪ್ರಾರ್ಥನೆಗೆಂದು ಕಟ್ಟಿದ ಶಾಲೆಯ ಕೋಣೆ. ಚಿತ್ರಗಳನ್ನು ಬರೆದವರು ಆಂತೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಬಳಿಯ ಸ್ತೆಜ್ಜಾನೊದವರು, 1854ರಲ್ಲಿ ಹುಟ್ಟಿದವರು. ಪಾದ್ರಿಯಲ್ಲ, ಬ್ರದರ್. ಅಂದರೆ ವ್ರತ ತೊಟ್ಟವರು, ಬಲಿಪೂಜೆ ಅರ್ಪಿಸುವ ದೀಕ್ಷೆ ಪಡೆಯದವರು. 1899ರಿಂದ 1901ರವರೆಗೆ ಇಲ್ಲಿ ದುಡಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಛಾವಣಿಯಲ್ಲಿ ಅಲೋಶಿಯಸ್‌ನ ಬದುಕಿನ ಘಟನೆಗಳು, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ. ಗೋಡೆಯಲ್ಲಿರುವುದು ಫ್ರೆಸ್ಕೊ.

ಎರಡರ ಕಷ್ಟ ಬೇರೆ ಬೇರೆ. ಫ್ರೆಸ್ಕೊದಲ್ಲಿ ಬಣ್ಣವನ್ನು ನೀರಿನಲ್ಲಷ್ಟೇ ಕಲಸಿ, ಸುಣ್ಣ ಮರಳಿನ ಗಾರೆ ಹಸಿಯಿರುವಾಗಲೇ ಬಳಿಯಬೇಕು. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣ ಅದರೊಳಗೆ ಸೆರೆಯಾಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಬರೆದು ಮುಗಿಸುವಷ್ಟೇ ಜಾಗಕ್ಕೆ ಗಾರೆ ಹಚ್ಚುತ್ತಾರೆ. ಉಳಿದದ್ದನ್ನು ಸಂಜೆ ಕೆತ್ತಿ ತೆಗೆಯಬೇಕು. ಒಣಗಿದ ಮೇಲೆ ತಿದ್ದುವಂತಿಲ್ಲ. ಹೀಗೆ ಬರೆದದ್ದು ಒಣಹವೆಯಲ್ಲಿ ಶತಮಾನಗಟ್ಟಲೆ ನಿಲ್ಲುತ್ತದೆ. ಆದರೆ ಕರಾವಳಿಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ರಂಧ್ರಗಳು ಹೆಚ್ಚು, ಅದು ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಒಣಗುವಾಗ ಆ ನೀರು ಗೋಡೆಯೊಳಗಿನ ಲವಣವನ್ನು ಹೊರಗೆ ತರುತ್ತದೆ. ಲವಣ ಬಣ್ಣದ ಪದರದ ಹಿಂದೆ ಹರಳುಗಟ್ಟಿ ಅದನ್ನು ಪುಡಿಪುಡಿಯಾಗಿ ತಳ್ಳುತ್ತದೆ. ಕ್ಯಾನ್ವಾಸಿಗೆ ಬೂಷ್ಟು, ಸಡಿಲಿಕೆ. 1990ರ ದಶಕದ ಆರಂಭದಲ್ಲಿ ಪಾರಂಪರಿಕ ಆಸ್ತಿಗಳನ್ನು ಸಂರಕ್ಷಿಸುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇಲ್ಲಿ ದೊಡ್ಡ ಪ್ರಮಾಣದ ಸಂರಕ್ಷಣೆ ಮಾಡಿದರು.

ಇಂಥ ಕೋಣೆಯ ಕಾವಲು ಚಿತ್ರದ ಮುಂದೆ ಶುರುವಾಗುವುದಿಲ್ಲ, ಮಾಡಿನಲ್ಲಿ ಶುರುವಾಗುತ್ತದೆ. ಮೇ ಮುಗಿಯುವ ಮೊದಲು ಜಾರಿದ ಹಂಚನ್ನು ಕೂರಿಸಬೇಕು, ಹರಿನಾಳೆಯ ಎಲೆಕಸ ತೆಗೆಯಬೇಕು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸಬೇಕು. ಸಿಮೆಂಟಿನಿಂದ ಬಿರುಕು ಮುಚ್ಚಬಾರದು, ಅದು ತೇವವನ್ನು ಹೊರಬಿಡದೆ ಲವಣವನ್ನು ಚಿತ್ರದತ್ತಲೇ ದೂಡುತ್ತದೆ. ಸುಣ್ಣದ ಗಾರೆಯೇ ಬೇಕು. ಒಳಗೆ ಹೋಗುವವರು ಗೋಡೆ ಮುಟ್ಟುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಬೆಂಚಿನಲ್ಲಿ ಕೂತು ಕತ್ತೆತ್ತಿದರೆ, ರೋಗಿಗಳ ನಡುವೆ ಓಡಾಡಿ 23ಕ್ಕೇ ತೀರಿಕೊಂಡ ಆ ಯುವಕನ ಬದುಕು ತಲೆಯ ಮೇಲೆ ಹರಡಿಕೊಂಡಿದೆ.